ಪುಕ್ಕಟೆಯ ರಾತ್ರಿಗಳು

ಪುಕ್ಕಟೆಯೆಂಬ ಮಾತಿಗೆ ಮರುಳಾಗದವರು ವಿರಳ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ 1971ರಲ್ಲಿ ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ಮಕ್ಕಳ ಪಾಲಿಗೆ ನೆಲಕ್ಕಿಳಿದ ಗಂಧರ್ವನಗರಿ. ಅದರ ಆವರಣದಲ್ಲಿಯೇ, ನೀರಿನ ಎರಡು ದಡಗಳಲ್ಲಿ, ವಾಸ್ತುಶಿಲ್ಪಿ ಮೈಕೇಲ್ ಗ್ರೇವ್ಸ್ ರೂಪಿಸಿದ ಎರಡು ಹೋಟೆಲುಗಳು ಎದುರುಬದುರಾಗಿ ನಿಂತಿವೆ. 1990ರಲ್ಲಿ ಬಾಗಿಲು ತೆರೆದ ಇವುಗಳಲ್ಲಿ ಒಂದರ ನೆತ್ತಿಯ ಮೇಲೆ ದೈತ್ಯ ಹಂಸಗಳು, ಇನ್ನೊಂದರ ಮೇಲೆ ದೈತ್ಯ ಮೀನುಗಳು. ಹೆಸರುಗಳೂ ಅಂತೆಯೇ: ಸ್ವಾನ್, ಡಾಲ್ಫಿನ್.

ಇಲ್ಲಿಯ ಕೊಠಡಿಗೆ ಹಣವನ್ನೇ ತೆರಬೇಕೆಂದಿಲ್ಲ. ಮ್ಯಾರಿಯಟ್ ಹೋಟೆಲುಗಳಲ್ಲಿ ತಂಗಿ ಗಳಿಸಿದ ಪಾಯಿಂಟುಗಳೂ ಸಲ್ಲುತ್ತವೆ. ಅವುಗಳಿಂದ ಒಂದೇ ಸಮನೆ ಐದು ರಾತ್ರಿ ತಂಗುವವರು ನಾಲ್ಕಕ್ಕೆ ತೆತ್ತರೆ ಸಾಕು. ಆದರೆ ರೆಸಾರ್ಟ್ ಶುಲ್ಕವನ್ನೂ ಕಾರು ನಿಲ್ಲಿಸುವ ಬಾಡಿಗೆಯನ್ನೂ ಹಣವಾಗಿಯೇ ಕೊಡಬೇಕು.

ಇದಕ್ಕಿಂತ ದೊಡ್ಡ ಬೆಲೆ ಮೊದಲೇ ಸಂದಿರುತ್ತದೆ. ಕ್ರೆಡಿಟ್ ಕಾರ್ಡಿನ ಖರ್ಚಿನಿಂದಲೂ ಪಾಯಿಂಟುಗಳು ಕೂಡುವುದುಂಟು, ನಿಜ. ಆದರೆ ಕಚೇರಿಯ ಕೆಲಸಕ್ಕಾಗಿ ಊರೂರು ಅಲೆಯುವ ಗೃಹಸ್ಥನ ಲೆಕ್ಕದಲ್ಲಿ ಅವು ಬೆಳೆಯುವುದು ಮನೆಯ ಹೊರಗೆ ಕಳೆದ ರಾತ್ರಿಗಳಿಂದ. ಕೊಠಡಿಯ ಬಾಡಿಗೆಯನ್ನು ಕಚೇರಿ ತೆತ್ತಿತು; ಅವನ ಅಗಲಿಕೆಯನ್ನು ಮನೆ ತೆತ್ತಿತು. ಹುಟ್ಟುಹಬ್ಬ, ಜ್ವರದ ರಾತ್ರಿ, ಶಾಲೆಯ ನಾಟಕ—ಇವು ಯಾವ ರಸೀದಿಯಲ್ಲಿಯೂ ಕಾಣವು.

ಸಮೀಪದ ಎಪ್ಕಾಟ್ ಉದ್ಯಾನದಿಂದ ಕಾಲ್ನಡಿಗೆಯಲ್ಲಿಯೇ ಹೋಟೆಲಿಗೆ ಮರಳಬಹುದು. ಹಾಗೆ ಮರಳುವ ತಂದೆಯ ಹೆಗಲ ಮೇಲೆ ನಿದ್ದೆಹೋದ ಮಗುವಿಗೆ ಆ ರಾತ್ರಿ ಯಾರ ಉಡುಗೊರೆಯೂ ಅಲ್ಲ. ಬಹುದಿನಗಳಿಂದ ಬರಬೇಕಾಗಿದ್ದ ಬಾಕಿ.