ಒಳ್ಳೇ ಹುಳ, ಕೆಟ್ಟ ಹುಳ ಮತ್ತು ಮಾವನ ದಾಳಿಂಬೆ ತೋಟ

ಸ್ಟ್ರಾಬೆರಿಗೂ ಹಗರಿಬೊಮ್ಮನಹಳ್ಳಿಗೂ ಏನು ಸಂಬಂಧ ಅಂತ ಕೇಳಬೇಡಿ. ನಮ್ಮ ಕಡೆ ಸ್ಟ್ರಾಬೆರಿ ಅಂದ್ರೆ ಐಸ್‌ಕ್ರೀಮಿನ ಒಂದು ಬಣ್ಣ, ಅಷ್ಟೇ. ಅದನ್ನ ಬೆಳೆಯೋದು ಮಹಾಬಳೇಶ್ವರ, ಪಂಚಗಣಿಯಂಥ ತಂಪು ಜಾಗದಲ್ಲಿ. ಆದರೂ ಮುಂಗಾರಿಗೆ ಸ್ವಲ್ಪ ಮುಂಚೆ ನಮ್ಮ ಮಾವ (ಅಮ್ಮನ ತಮ್ಮ) ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿ, ಹಿಂದೆಯೇ ಫೋನನ್ನೂ ಮಾಡಿದರು.

"ಅಳಿಯಾ, ಸ್ಟ್ರಾಬೆರಿಗೆ ಬರೋ ಬೂಷ್ಟು ರೋಗಕ್ಕ ಒಳ್ಳೇ ನೆಮಟೋಡ್ ಅಂತ ಬಿಡ್ತಾರಂತ. ಬೇರಿಗೆ ಹಾಕಿದ್ರ ಬೂಷ್ಟೆಲ್ಲಾ ತಿಂದು ಹಾಕ್ತಾವಂತ. ಆನ್‌ಲೈನ್‌ನಾಗ ಸಿಗ್ತಾವಂತ ನೋಡು. ನಮ್ ದಾಳಿಂಬ್ರಿಗೆ ತರಿಸಿಕೊಡು."

ಮಾವನ ತೋಟ ಇರೋದು ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ಕಡೆ ಬರುವಾಗ. ಎರಡೂವರೆ ಎಕರೆ, ಸುಮಾರು 700 ಗಿಡ, ಭಗ್ವಾ ತಳಿ, ನಾಲ್ಕನೇ ವರ್ಷ. ಬೋರು, ಡ್ರಿಪ್ಪು, ಬ್ಯಾಂಕಿನ ಸಾಲ, ಎಲ್ಲಾ ಈ ಗಿಡಗಳ ಮೇಲೇ. ಫೋನ್ ಬಂದಾಗ 46 ಗಿಡ ಆಗಲೇ ಒಣಗಿದ್ವು. ಮೊದಲು ಒಂದು ಕೊಂಬೆಯ ಎಲೆ ಹಳದಿ ಆಗುತ್ತೆ, ಆಮೇಲೆ ಪಕ್ಕದ್ದು, ಕೆಲವು ವಾರಗಳಲ್ಲಿ ಇಡೀ ಗಿಡ. ಕಾಯಿ ಉದುರುವುದೂ ಇಲ್ಲ, ಹಾಗೇ ಒಣಗಿ ನೇತಾಡುತ್ತವೆ. ನೋಡೋಕೆ ಆಗಲ್ಲ.

ಆ ವಿಡಿಯೋದಲ್ಲಿ ಹೇಳಿದ ಪ್ಯಾಕೆಟ್ಟನ್ನು ಎರಡೂವರೆ ಎಕರೆಗೆ ಲೆಕ್ಕ ಹಾಕಿದರೆ ನನ್ನ ಅರ್ಧ ಸಂಬಳ. ದುಡ್ಡು ಹೋಗಲಿ ಬಿಡಿ, ಮಾವನಿಗೆ ತಾನೇ? ಆದರೆ ಏನು ಹಾಕ್ತಿದೀವಿ ಅಂತ ಗೊತ್ತಿಲ್ಲದೆ ಹಾಕೋದಕ್ಕೆ ನನಗೆ ಮನಸ್ಸು ಬರಲಿಲ್ಲ. ಆಫೀಸಿನಲ್ಲಿ ಲಾಗ್ ನೋಡದೆ ಸರ್ವರ್‌ಗೆ ಪ್ಯಾಚ್ ಹಾಕುವವರನ್ನ ಕಂಡರೆ ನನಗೆ ಮೊದಲೇ ಆಗಲ್ಲ :-) ಹಾಗಾಗಿ ರಾತ್ರಿ ಕೂತು ಓದೋಕೆ ಶುರು ಮಾಡಿದೆ. ಓದಿದ್ದನ್ನ ನಿಮಗೂ ಹೇಳ್ತೀನಿ, ಯಾಕಂದ್ರೆ ಇದು ನಾನು ಅಂದುಕೊಂಡದ್ದಕ್ಕಿಂತ ಮಜವಾಗಿದೆ.

ನೆಮಟೋಡ್ ಅಂದರೆ ಜಂತುಹುಳು. ಕಣ್ಣಿಗೆ ಕಾಣದಷ್ಟು ಸಣ್ಣ ದಾರದಂಥವು, ಮಣ್ಣಿನಲ್ಲಿ ಎಲ್ಲೆಲ್ಲೂ ಇರ್ತವೆ. ಅಂಗಡಿಯಲ್ಲಿ 'ಒಳ್ಳೇ ನೆಮಟೋಡ್' ಅಂತ ಮಾರೋದು ಹೆಚ್ಚಾಗಿ ಸ್ಟೈನರ್ನೀಮಾ, ಹೆಟೆರೋರ‍್ಯಾಬ್ಡಿಟಿಸ್ ಅನ್ನೋ ಎರಡು ಕುಲದವು. ಇವು ಕೀಟದ ಮರಿಯೊಳಗೆ ನುಗ್ಗಿ, ತಮ್ಮ ಹೊಟ್ಟೆಯಲ್ಲಿರೋ ಬ್ಯಾಕ್ಟೀರಿಯಾವನ್ನ ಅಲ್ಲಿ ಬಿಡ್ತವೆ. ಒಂದೆರಡು ದಿನದಲ್ಲಿ ಕೀಟ ಫಿನಿಶ್. 1929ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗ್ಲೇಸರ್ ಎಂಬಾತ ಒಂದು ದುಂಬಿಯ ಗೊಣ್ಣೆಹುಳದಲ್ಲಿ ಇಂಥದ್ದನ್ನ ಕಂಡಮೇಲೆ ಇವನ್ನ ಕೀಟ ಕೊಲ್ಲೋಕೆ ಬಳಸೋ ಪ್ರಯತ್ನ ಶುರುವಾಯ್ತು. ಸ್ಟ್ರಾಬೆರಿ ತೋಟಕ್ಕೆ ಇವನ್ನ ಬಿಡೋದು ನಿಜ, ಆದರೆ ಬೇರು ತಿನ್ನೋ ಮೂತಿಹುಳದ ಮರಿಗಳಿಗೆ. ಬೂಷ್ಟಿಗಲ್ಲ! ನಮ್ಮಲ್ಲೇ, ಬೆಂಗಳೂರಿನ ಹೆಬ್ಬಾಳದ ಎನ್‌ಬಿಎಐಆರ್ ಸಂಸ್ಥೆಯವರು ಹೆಟೆರೋರ‍್ಯಾಬ್ಡಿಟಿಸ್ ಇಂಡಿಕಾ ಅನ್ನೋದನ್ನ ಪುಡಿ ರೂಪದಲ್ಲಿ ಮಾಡಿದ್ದಾರೆ, ಅಡಿಕೆ ತೋಟದ ಗೊಣ್ಣೆಹುಳಕ್ಕೆ. (ಆ ಸಂಸ್ಥೆ ಇರೋದು ಬಳ್ಳಾರಿ ರಸ್ತೆಯಲ್ಲೇ. ಊರಿಗೆ ಹೋಗೋವಾಗ ಎಷ್ಟು ಸಲ ಅದರ ಮುಂದೆ ಬಸ್ಸಿನಲ್ಲಿ ನಿದ್ದೆ ಮಾಡ್ತಾ ಹೋಗಿದೀನೋ!)

ಹಾಗಂತ ಬೂಷ್ಟು ತಿನ್ನೋ ಜಂತುಹುಳುಗಳೇ ಇಲ್ಲ ಅಂತಲ್ಲ. ಅಫೆಲೆಂಕಸ್ ಅವೆನೇ ಅಂತ ಒಂದಿದೆ. ಬಾಯಲ್ಲಿ ಸೂಜಿಯಂಥ ಕೊಳವೆ ಇರುತ್ತೆ, ಅದನ್ನ ಶಿಲೀಂಧ್ರದ ಎಳೆಗೆ ಚುಚ್ಚಿ ರಸ ಹೀರುತ್ತೆ. ರೈಜೋಕ್ಟೋನಿಯಾದಂಥ ಬೇರುಕೊಳೆ ಶಿಲೀಂಧ್ರಗಳ ಮೇಲೆ ಪ್ರಯೋಗಾಲಯಗಳಲ್ಲಿ, ಕುಂಡಗಳಲ್ಲಿ ಇದನ್ನ ಪರೀಕ್ಷೆ ಮಾಡಿದ್ದಾರೆ. ಬಹುಶಃ ಆ ವಿಡಿಯೋದ ಮೂಲ ಇದೇ ಇರಬೇಕು. ಆದರೆ ಒಂದು ತೊಂದರೆ ಇದೆ. ಇಂಥ ಶಿಲೀಂಧ್ರ ತಿನ್ನೋ ಹುಳಗಳು ಕೆಟ್ಟದ್ದು, ಒಳ್ಳೇದು ಅಂತ ನೋಡಲ್ಲ. ರೈತರು ದುಡ್ಡು ಕೊಟ್ಟು ತಂದು ಹಾಕೋ ಟ್ರೈಕೋಡರ್ಮಾನೂ ಶಿಲೀಂಧ್ರವೇ ತಾನೆ? ಅದನ್ನೂ ಮೇಯ್ತವೆ.

ಇಷ್ಟು ಓದಿ ಒಂದು ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಬೆಳಿಗ್ಗೆ ಮಾವ ಸಲಿಕೆ ಹಿಡಿದು ಕಾಯ್ತಾ ಇದ್ರು. ಸತ್ತ ಗಿಡವನ್ನ ಬಿಟ್ಟು, ಅದರ ಪಕ್ಕದ, ಆಗಷ್ಟೇ ಒಂದು ಕೊಂಬೆ ಹಳದಿಯಾಗಿದ್ದ ಗಿಡದ ಬುಡವನ್ನ ಒಂದು ಗೇಣು ಬಿಡಿಸಿದ್ವಿ. ಸಣ್ಣ ಬೇರು ಕಿತ್ತು ನೀರಲ್ಲಿ ತೊಳೆದರೆ, ಬೇರಿನ ತುಂಬಾ ಗಂಟು. ಜಪಮಣಿ ಪೋಣಿಸಿದ ಹಾಗೆ. ಆಮೇಲೆ ಸತ್ತ ಗಿಡದ ಕಾಂಡವನ್ನ ಕೊಡಲಿಯಿಂದ ಸೀಳಿದ್ವಿ. ಒಳಗಿನ ಕಟ್ಟಿಗೆಯಲ್ಲಿ ಕಂದು-ಬೂದು ಬಣ್ಣದ ಕಲೆ, ಬುಡದಿಂದ ಮೇಲಕ್ಕೆ ಗೆರೆ ಎಳೆದಂಗೆ.

ಅಂದರೆ ಎರಡು ಬೇರೆ ಬೇರೆ ಕಳ್ಳರು. ಗಂಟು ಮಾಡೋದು ಮೆಲಾಯ್ಡೋಗೈನ್ ಅನ್ನೋ ಬೇರುಗಂಟು ಜಂತುಹುಳು. ಕಟ್ಟಿಗೆ ಕಪ್ಪು ಮಾಡೋದು ಸೆರಟೋಸಿಸ್ಟಿಸ್ ಫಿಂಬ್ರಿಯೇಟಾ ಅನ್ನೋ ಶಿಲೀಂಧ್ರ, ಅದೇ ಸೊರಗು ರೋಗ. 1990ರ ಸುಮಾರಿಗೆ ವಿಜಯಪುರ ಜಿಲ್ಲೆಯ ದಾಳಿಂಬೆಯಲ್ಲಿ ಈ ಸೊರಗು ಕಂಡಿತ್ತು. ಕಾರಣ ಇಂಥ ಶಿಲೀಂಧ್ರ ಅಂತ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿದ್ದು 1999ರಲ್ಲಿ. ಜಂತುಹುಳು ಬೇರಲ್ಲಿ ಮಾಡಿದ ಗಾಯದಿಂದ ಶಿಲೀಂಧ್ರಕ್ಕೆ ಒಳಗೆ ಹೋಗೋದು ಸಲೀಸು. ಇದು ಹೊಸ ವಿಷಯವೂ ಅಲ್ಲ. 1892ರಲ್ಲೇ ಅಟ್ಕಿನ್ಸನ್ ಎಂಬ ಅಮೆರಿಕದ ವಿಜ್ಞಾನಿ, ಹತ್ತಿ ಹೊಲದಲ್ಲಿ ಬೇರುಗಂಟು ಇದ್ದ ಕಡೆ ಸೊರಗು ರೋಗ ಜಾಸ್ತಿ ಅಂತ ಬರೆದಿದ್ದ.

ಮಣ್ಣು, ಬೇರು ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಿಸಿಲು ತಾಕದಂತೆ ಬೆಂಗಳೂರಿನ ಒಂದು ಲ್ಯಾಬಿಗೆ ತಂದು ಕೊಟ್ಟೆ. ಅವರೂ ಅದನ್ನೇ ಹೇಳಿದ್ರು, ಎರಡೂ ಇದೆ ಅಂತ.

ನನಗೆ ತಲೆ ತಿರುಗಿದ್ದು ಇಲ್ಲಿ ನೋಡಿ. ವಿಡಿಯೋದವರು ಬೂಷ್ಟು ತಿನ್ನೋಕೆ ಹುಳ ಹಾಕಿ ಅಂತಾರೆ. ನಮ್ಮ ತೋಟಕ್ಕೆ ಬೇಕಾಗಿರೋದು ತದ್ವಿರುದ್ಧ, ಹುಳ ತಿನ್ನೋ ಬೂಷ್ಟು! ಅದೂ ಇದೆ. ಪರ್ಪ್ಯುರಿಯೋಸಿಲಿಯಂ (ಹಳೇ ಹೆಸರು ಪೆಸಿಲೋಮೈಸಿಸ್), ಪೊಕೋನಿಯಾ ಅಂತ. ಒಂದು ಹೆಣ್ಣು ಜಂತುಹುಳು ಅಂಟಿನ ಚೀಲದಲ್ಲಿ ಇನ್ನೂರರಿಂದ ಐನೂರು ಮೊಟ್ಟೆ ಇಡುತ್ತೆ, ನಮ್ಮಂಥ ಬಿಸಿ ಮಣ್ಣಿನಲ್ಲಿ ಸುಮಾರು ತಿಂಗಳಿಗೊಂದು ತಲೆಮಾರು. ಈ ಶಿಲೀಂಧ್ರಗಳು ಆ ಮೊಟ್ಟೆಗಳ ಒಳಗೇ ಬೆಳೆದು ಅವನ್ನ ಹಾಳು ಮಾಡ್ತವೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಅವರು ಹೇಳೋ ವಿಧಾನಕ್ಕೆ ದೊಡ್ಡ ಖರ್ಚಿಲ್ಲ: ಒಂದು ಟನ್ ತಿಪ್ಪೆಗೊಬ್ಬರಕ್ಕೆ ಈ ಪುಡಿ, ಟ್ರೈಕೋಡರ್ಮಾ, ಸೂಡೋಮೊನಾಸ್ ಎರಡೆರಡು ಕಿಲೋ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಹದಿನೈದು ದಿನ ಮುಚ್ಚಿಟ್ಟು, ಆಗಾಗ ತಿರುವಿ, ಆಮೇಲೆ ಗಿಡಕ್ಕೆ ಹಾಕೋದು.

ಮಾವನಿಗೆ ಇದನ್ನ ಹೇಳೋದೇ ಕಷ್ಟ ಆಯ್ತು.

"ಅಲ್ಲಲೇ, ಬೂಷ್ಟಿನಿಂದ ಗಿಡ ಸಾಯಾಕತ್ಯಾವು, ನೀನು ಮತ್ತ ಬೂಷ್ಟೇ ಹಾಕು ಅಂತೀಯಲ್ಲ?"

"ಮಾವ, ಇದು ಬೇರೆ ಬೂಷ್ಟು."

"ಮತ್ತ ಆ ಹುಳ?"

"ಅದು ಬೇರೆ ಹುಳ."

ಅತ್ತೆ ಒಳಗಿಂದ, "ಇಬ್ರೂ ಮೊದ್ಲು ರೊಟ್ಟಿ ತಿಂದು ಹೋಗ್ರಿ" ಅಂದ್ರು.

ಊಟ ಆದಮೇಲೆ ಹಳೇ ಕಥೆ ಬಿಚ್ಚಿಕೊಳ್ತು. ಗಿಡ ಸಣ್ಣದಿದ್ದ ಮೊದಲ ಎರಡು ವರ್ಷ ಸಾಲಿನ ನಡುವೆ ಟೊಮೆಟೊ ಹಾಕಿದ್ರಂತೆ. ಟೊಮೆಟೊ ಅಂದ್ರೆ ಬೇರುಗಂಟು ಹುಳಕ್ಕೆ ಹಬ್ಬದೂಟ. ಅದಕ್ಕೂ ಮೊದಲು ಸಸಿಯ ಚೀಲದ ಮಣ್ಣಲ್ಲೇ ಹುಳ ಬಂದಿರಬಹುದು. ಸಸಿ ತಂದ ನರ್ಸರಿ ಯಾವುದು ಅಂತ ಇಲ್ಲಿ ಬರೆಯಲ್ಲ. ಬೇರು ತೊಳೆದು ತೋರಿಸಿ ಅಂತ ಯಾವ ರೈತ ಕೇಳ್ತಾನೆ, ಯಾವ ನರ್ಸರಿಯವನು ತೋರಿಸ್ತಾನೆ ಹೇಳಿ? ಸಾಲ ಕೊಡುವಾಗ ಹತ್ತು ಕಡೆ ಸಹಿ ತಗೊಳ್ಳೋ ನಮ್ಮ ವ್ಯವಸ್ಥೆ ಸಸಿಯ ಬೇರನ್ನೊಮ್ಮೆ ನೋಡಿದ್ದರೆ ಈ ಸಾಲದ ಅರ್ಧ ಭಯ ಇರ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತೆ.

ಮಾವನಿಗೆ ಒಪ್ಪಿಸೋಕೆ ಆಗದ ಮಾತು ಇನ್ನೊಂದಿತ್ತು. ಕಾಂಡದೊಳಗೆ ಕಲೆ ಏರಿದ ಗಿಡವನ್ನ ಈ ಯಾವ ಗೊಬ್ಬರವೂ ಉಳಿಸಲ್ಲ. ಶಿಲೀಂಧ್ರ ಕಟ್ಟಿಗೆಯ ಒಳಗಿದೆ, ಗೊಬ್ಬರ ಹೊರಗಿದೆ. ಪಕ್ಕದ ಗಿಡ ಉಳಿಯಬೇಕಾದ್ರೆ ಅದನ್ನ ಬೇರು ಸಮೇತ ಕಿತ್ತು ಅಲ್ಲೇ ಸುಡಬೇಕು, ತೋಟದೊಳಗೆ ಎಳೆದಾಡಬಾರದು. ಕಾಯಿ ಇನ್ನೂ ಕೆಂಪಗೆ ನೇತಾಡ್ತಿದ್ದ, ಅರ್ಧ ಹಸಿರಿದ್ದ ಗಿಡಗಳೂ ಆ ಪಟ್ಟಿಯಲ್ಲಿದ್ವು. ಮಾವ ಒಂದೊಂದರ ಹತ್ತಿರ ನಿಂತು, "ಇದು ಬದುಕ್ತೈತಿ ಬಿಡಲೇ" ಅಂತಿದ್ರು. ನಾನು ಸುಮ್ಮನಿದ್ದೆ. ಕೊನೆಗೆ ಸೋಮವಾರ ಅವರೇ ಆಳು ಕರೆಸಿ ಕೀಳಿಸಿದ್ರು, 46ರ ಜೊತೆ ಇನ್ನೂ 19. ನಾನು ಆಗಲೇ ಬೆಂಗಳೂರಲ್ಲಿದ್ದೆ. ಅತ್ತೆ ಫೋನಲ್ಲಿ ಹೇಳಿದ್ರು, ಆವತ್ತು ಮಾವ ರಾತ್ರಿ ಉಣ್ಣಲಿಲ್ಲ ಅಂತ.

ಪ್ಯಾಕೆಟ್ ತರಿಸಲಿಲ್ಲ. ತರಿಸಿದ್ರೂ ಆ ಹುಳಗಳು ನಮ್ಮ ಕೂಡ್ಲಿಗಿ, ಕೊಟ್ಟೂರು ಸೀಮೆಯ ಬೇಸಿಗೆಯ ಕೆಂಪು ಮಣ್ಣಲ್ಲಿ ಎಷ್ಟು ದಿನ ಬಾಳ್ತಿದ್ವೋ. ಒಣ ನೆಲ, ಬಿರುಬಿಸಿಲು ಅವಕ್ಕೆ ಆಗೋದೇ ಇಲ್ಲ. ಆ ದುಡ್ಡಲ್ಲಿ ತಿಪ್ಪೆಗೊಬ್ಬರ, ಬೇವಿನ ಹಿಂಡಿ ಬಂತು. ಹಡಗಲಿಯಲ್ಲಿರೋ ಅಕ್ಕನ ಮಲ್ಲಿಗೆ ತೋಟಕ್ಕೂ ಒಂದು ಪಾಲು ಹೋಯ್ತು, ಮಲ್ಲಿಗೆಯ ಬೇರನ್ನೂ ಈ ಹುಳ ಬಿಡಲ್ಲ. ದಾಳಿಂಬೆ ಸಾಲಿನ ನಡುವೆ ಈ ಸಲ ಟೊಮೆಟೊ ಇಲ್ಲ, ಚೆಂಡುಹೂವಿದೆ. ಅದರ ಬೇರಿನಲ್ಲಿರೋ ಒಂದು ವಸ್ತು ಜಂತುಹುಳಕ್ಕೆ ವಿಷ.

ಮುಂಗಾರು ಮುಗಿಯೋ ಹೊತ್ತಿಗೆ ಇನ್ನೂ ನಾಲ್ಕು ಗಿಡ ಹೋದವು, ನಾಲ್ಕೂ ಕಿತ್ತ ಸಾಲಿನ ಪಕ್ಕದವೇ. ಉಳಿದ 631 ನಿಂತಿವೆ. ಮಾವ ಈಗ ವಾರಕ್ಕೊಂದು ಗಿಡದ ಬೇರಿನ ಫೋಟೋ ಕಳಿಸ್ತಾರೆ. ಮೊನ್ನೆ ಹರಪನಹಳ್ಳಿಯ ಬೀಗರು ಹೊಸದಾಗಿ ದಾಳಿಂಬೆ ಹಾಕೋಕೆ ಹೊರಟಾಗ, ಸಸಿ ತರೋಕೆ ಮಾವನೇ ಜೊತೆಗೆ ಹೋಗಿ, ಒಂದು ಬಕೆಟ್ ನೀರು ತರಿಸಿ, ಹತ್ತು ಸಸಿ ಚೀಲದಿಂದ ಬಿಡಿಸಿ ಬೇರು ತೊಳೆದು ನೋಡಿದ್ರಂತೆ. ನರ್ಸರಿಯವನು ಜಗಳಕ್ಕೇ ಬಂದನಂತೆ. ಸಸಿ ತರದೆ ವಾಪಸ್ ಬಂದ್ರು.

ನಿಮ್ಮಲ್ಲಿ ಯಾರ ಮನೆಯಲ್ಲಾದ್ರೂ ದಾಳಿಂಬೆ ಇದ್ದರೆ, ಬೇರು ತೊಳೆದು ತೋರಿಸೋ ನರ್ಸರಿ ಎಲ್ಲಾದ್ರೂ ಗೊತ್ತಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ಬೀಗರು ಇನ್ನೂ ಸಸಿ ಹುಡುಕ್ತಾ ಇದ್ದಾರೆ.