ಹತ್ತು ನಿಮಿಷದ ಕೆಲಸ

“ಏನಿಲ್ಲಮ್ಮ, ಹತ್ತು ನಿಮಿಷದ ಕೆಲಸ” ಎಂಬ ಮಾತನ್ನು ನಾನು ನಂಬುವುದು ಬಿಟ್ಟು ಬಹಳ ವರ್ಷವಾಯಿತು. ಹೊಸದುರ್ಗದಲ್ಲಿರುವ ನಮ್ಮಕ್ಕನ ಬುದ್ಧಿಹಲ್ಲು ಕೀಳುವ ದಿನ ಒಬ್ಬ ವೈದ್ಯರು ಹೀಗೇ ಹೇಳಿದ್ದರು. ಅಕ್ಕ ಒಲೆಯ ಮೇಲೆ ಬೇಳೆ ಇಟ್ಟು, “ಒಂಚೂರು ನೋಡ್ಕೊಳ್ರೀ” ಎಂದು ಪಕ್ಕದ ಮನೆಯವರಿಗೆ ಹೇಳಿ ಹೋದಳು. ಹಿಡಿದದ್ದು ಒಂದೂವರೆ ಗಂಟೆ. ಬೇಳೆ ಸೀದದ್ದು ಹಾಗಿರಲಿ, ಅಕ್ಕನ ಧೈರ್ಯವೇ ಸೀದುಹೋಯಿತು. ನೋವಿಗಿಂತ ಅವಳನ್ನು ಹೆದರಿಸಿದ್ದು, “ನನ್ನ ಬಾಯೊಳಗೆ ಏನೋ ಅನಾಹುತ ಆಗಿದೆ, ಇವರು ಹೇಳ್ತಿಲ್ಲ” ಎಂಬ ಅನುಮಾನ. ಆಮೇಲೆ ಅವಳು ಹಲ್ಲಿನ ಡಾಕ್ಟರ ಮೆಟ್ಟಿಲು ಹತ್ತಲಿಲ್ಲ.

ನನ್ನ ಕೆಳದವಡೆಯ ಬುದ್ಧಿಹಲ್ಲು ಮೊದಲು ತಕರಾರು ತೆಗೆದಾಗ ನನಗೆ 25 ವರ್ಷ. ಆಮೇಲೆ ನೋಡೋಣ ಎಂದೆ. ಮದುವೆ, ಬಾಣಂತನ, ಪರೀಕ್ಷೆ ಡ್ಯೂಟಿ, ಮೌಲ್ಯಮಾಪನ ಎಂದು ಲವಂಗ, ಉಪ್ಪುನೀರಿನಲ್ಲೇ ವರ್ಷಗಳು ಕಳೆದವು. ಐವತ್ತು ದಾಟಿದ ಮೇಲೆ, ಕಳೆದ ಬೇಸಿಗೆಯಲ್ಲಿ, ಕೆನ್ನೆ ಊದಿಕೊಂಡು ಬಾಯಿ ಎರಡು ಬೆರಳಷ್ಟೂ ತೆರೆಯದಾಯಿತು. ಹೊಳಲ್ಕೆರೆಯಿಂದ ದುರ್ಗದ ಬಸ್ಸು ಹತ್ತಿದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲು ಮಾತ್ರೆ ಕೊಟ್ಟು ಊತ ಇಳಿಸಿದರು, ಆಮೇಲೆ ಇಡೀ ದವಡೆಯ ಎಕ್ಸ್‌ರೇ ತೆಗೆಸಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಹೊತ್ತು ಹಿಡಿಯುತ್ತೆ? ನಿಜ ಹೇಳಿ.”

ಅವರು ನಕ್ಕು, “ಟೀಚರ್, ನೀವೇ ಮಾರ್ಕ್ಸ್ ಹಾಕಿ” ಎಂದರು.

1988ರಲ್ಲಿ ಪೆಡರ್ಸನ್ ಎಂಬವರು ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರಂತೆ. ಹಲ್ಲು ಮುಂದಿನ ಹಲ್ಲಿನ ಕಡೆಗೆ ಒರಗಿದ್ದರೆ 1, ಅಡ್ಡ ಮಲಗಿದ್ದರೆ 2, ನೆಟ್ಟಗೆ ಹೂತಿದ್ದರೆ 3, ಹಿಂದಕ್ಕೆ ವಾಲಿದ್ದರೆ 4. ಎಷ್ಟು ಆಳದಲ್ಲಿದೆ ಎಂಬುದಕ್ಕೆ 1ರಿಂದ 3. ಹಿಂದೆ ಮೇಲೇರುವ ದವಡೆಮೂಳೆಗೂ ಮುಂದಿನ ಹಲ್ಲಿಗೂ ನಡುವೆ ಜಾಗ ಧಾರಾಳವಾಗಿದ್ದರೆ 1, ಇಲ್ಲವೇ ಇಲ್ಲವೆಂದರೆ 3. ಒಟ್ಟು 3, 4 ಬಂದರೆ ಸುಲಭ. 5, 6 ಸಾಧಾರಣ. 7ರಿಂದ 10 ಕಷ್ಟ. ನನ್ನ ಹಲ್ಲು ಅಡ್ಡ ಮಲಗಿತ್ತು. ಆಳವೂ ನಡುವಿನದು, ಜಾಗವೂ ಅರೆಬರೆ. ಎರಡು, ಎರಡು, ಎರಡು ಸೇರಿ ಆರು. ಹೆಚ್ಚು ಅಂಕ ಬಂದವರು ಅಳಬೇಕಾದ ಪರೀಕ್ಷೆ ಇದೊಂದೇ ಇರಬೇಕು.

“ಇಷ್ಟನ್ನೇ ನಂಬಿ ಹೇಳಿದರೆ ತಪ್ಪಾಗುತ್ತೆ” ಎಂದರು ಡಾಕ್ಟರಮ್ಮ. ವಯಸ್ಸು, ಮೂಳೆಯ ಗಟ್ಟಿತನ, ಬೇರಿನ ಆಕಾರ, ಬಾಯಿ ಎಷ್ಟು ತೆರೆಯುತ್ತದೆ, ಇವು ಯಾವುವೂ ಆ ಲೆಕ್ಕದಲ್ಲಿಲ್ಲ. ಬೇರುಗಳು ಒಂದಕ್ಕೊಂದು ಕೂಡಿ ಚೂಪಾಗಿದ್ದರೆ ಜಾರಿ ಬರುತ್ತವೆ; ಕೊಕ್ಕೆಯಂತೆ ಬಾಗಿದ್ದರೆ ಮುರಿಯುತ್ತವೆ. ಚಿಕ್ಕ ವಯಸ್ಸಿನಲ್ಲಿ ಬೇರು ಪೂರ್ತಿ ಬೆಳೆದಿರುವುದಿಲ್ಲ, ಮೂಳೆಯೂ ಬಾಗಿಕೊಡುತ್ತದೆ.

ನನಗೆ ಹಿರಿಯೂರು ಕಡೆಯ ತವರಿನ ಹೊಲ ನೆನಪಾಯಿತು. ಮಳೆ ಬಿದ್ದ ಮರುದಿನ ಶೇಂಗಾ ಗಿಡ ಹಿಡಿದೆಳೆದರೆ ಕಾಯಿ ಸಮೇತ ಕೈಗೆ ಬರುತ್ತದೆ. ನೆಲ ಒಣಗಿ ಬಿಗಿದ ಮೇಲೆ ಎಳೆದರೆ ಗಿಡ ಕೈಗೆ, ಕಾಯಿ ನೆಲಕ್ಕೆ. ನಾನು ಹದ ತಪ್ಪಿಸಿಕೊಂಡು ಬಂದವಳು.

ಇನ್ನೂ ಒಂದಿತ್ತು. ಬೇರಿನ ತುದಿಯ ಹತ್ತಿರವೇ ಕೆಳತುಟಿಗೆ ಹೋಗುವ ನರ. ಅದಕ್ಕೆ ಪೆಟ್ಟಾದರೆ ತುಟಿ, ಗದ್ದ ಕೆಲವು ವಾರ ಜೋಮು ಹಿಡಿದಂತಿರಬಹುದು, ಅಪರೂಪಕ್ಕೆ ಹಾಗೇ ಉಳಿಯಲೂಬಹುದು. ಮತ್ತೊಂದು ಸ್ಕ್ಯಾನ್ ಮಾಡಿಸಿ, ನಡುವೆ ತೆಳ್ಳನೆ ಮೂಳೆ ಇದೆ ಎಂದು ತೋರಿಸಿದರು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಬಾಯಿ.

“ಮುಕ್ಕಾಲು ಗಂಟೆ. ಬೇರು ಮುರಿದರೆ ಒಂದೂಕಾಲು. ಮುರಿದರೆ ಆಗಲೇ ಹೇಳ್ತೀನಿ” ಎಂದಿದ್ದರು. ಹಾಗೇ ನಡೆದರು. ಮರಗಟ್ಟಿಸಿ, ಹಲ್ಲನ್ನು ಎರಡು ಹೋಳು ಮಾಡಿದರು. ಲಟಕ್ಕೆಂದಿತು. “ಟೀಚರ್, ಒಂದು ಬೇರಿನ ತುದಿ ಮುರೀತು. ಇನ್ನೊಂದಿಪ್ಪತ್ತು ನಿಮಿಷ.” ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಗೋಡೆ ಗಡಿಯಾರ ನೋಡುತ್ತ ಮಲಗಿದೆ. ಒಟ್ಟು ಒಂದು ಗಂಟೆ ಐದು ನಿಮಿಷ.

ಸಂಜೆವರೆಗೂ ತುಟಿ ನನ್ನದಲ್ಲವೆಂಬಂತಿತ್ತು. ರಾತ್ರಿ ಆರಿದ ರಾಗಿಗಂಜಿಯ ತಂಪು ಕೆಳತುಟಿಗೆ ತಾಗಿದ್ದು ತಿಳಿದಾಗ, ಲೋಟ ಹಿಡಿದೇ ಅತ್ತುಬಿಟ್ಟೆ.

ಹತ್ತನೇ ತರಗತಿಯ ಹುಡುಗಿಯರಿಗೆ ಪ್ರತಿ ವರ್ಷ “ಗಣಿತ ಏನೂ ಕಷ್ಟ ಇಲ್ಲ” ಎನ್ನುತ್ತಿದ್ದವಳು ನಾನು. ಕಷ್ಟವೆಂದು ಕಂಡವರು ತಾವೇ ದಡ್ಡರೆಂದುಕೊಂಡಿರಬೇಕು. ಈಗ ಯಾವ ಲೆಕ್ಕ ಕಷ್ಟ, ಎಲ್ಲಿ ಎಡವುತ್ತೀರಿ, ಎಷ್ಟು ಹೊತ್ತು ಬೇಕು ಎಂದೇ ಹೇಳುತ್ತೇನೆ.

ವಾರದ ಮೇಲೆ ಅಕ್ಕ ಫೋನ್ ಮಾಡಿದಳು. “ಎಷ್ಟು ಹೊತ್ತಾಯ್ತೇ?” ಎಲ್ಲ ಹೇಳಿದೆ, ಬೇರು ಮುರಿದದ್ದೂ ಸೇರಿ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನಂದು ಎಡಗಡೆದು ಇನ್ನೂ ಹಂಗೇ ಇದೆ ಕಣೇ. ಎಷ್ಟು ಮಾರ್ಕ್ಸ್ ಬರುತ್ತೋ ನೋಡ್ಸಣ. ಬೇಳೆ ಮಾತ್ರ ಇಟ್ಟು ಬರಲ್ಲ.”