ಊರು ಬಿಟ್ಟವನಿಗೆ ತೆರೆದ ಬಾಗಿಲು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಇದ್ದರೂ ಬಿಸಿಲಿಗೇ ಹೆಸರಾದ ಊರು ರಾಯಚೂರು. ಇಲ್ಲಿ 1294ರ ಶಾಸನವಿರುವ ಕೋಟೆಯಿದೆ, ಬಹಮನಿಗಳ ಕಾಲದ ಏಕ್ ಮಿನಾರ್ ಮಸೀದಿಯಿದೆ. ಇವನ್ನು ನೋಡಲು ಹೊರಗಿನವರು ಬರುತ್ತಾರೆ. ಆದರೆ ಈ ಊರನ್ನು ಅರಿಯಬೇಕಾದರೆ ಸುಗ್ಗಿ ಮುಗಿದ ಮೇಲೆ ರೈಲು ನಿಲ್ದಾಣಕ್ಕೆ ಹೋಗಬೇಕು. ಪಾತ್ರೆಯ ಗಂಟು, ಜೋಳದ ಹಿಟ್ಟಿನ ಚೀಲ, ಕಂಕುಳಲ್ಲಿ ಕೂಸು. ಬೆಂಗಳೂರಿಗೋ ಮುಂಬಯಿಗೋ ಗುಳೆ ಹೊರಟ ಸಂಸಾರಗಳು ಅವು.

ರಾಯಚೂರಿನಿಂದ ಮಾನ್ವಿಯ ಕಡೆ ಬಸ್ಸಿನಲ್ಲಿ ಹೋದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಗದ್ದೆಗಳು ಸಿಗುತ್ತವೆ. ನೀರಿದ್ದಲ್ಲಿ ಭತ್ತ, ಇಲ್ಲದಲ್ಲಿ ಹತ್ತಿ, ತೊಗರಿ. ಅಲ್ಲಿಂದ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗಬಹುದು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಎಷ್ಟೋ ಹೊಲಗಳಿಗೆ ನೀರು ತಂದಿದೆ. ಆದರೂ ಮಳೆಯನ್ನೇ ನಂಬಿದ ಹೊಲಗಳು ಇನ್ನೂ ಇವೆ, ಗುಳೆಯೂ ನಿಂತಿಲ್ಲ. ತಂದೆ-ತಾಯಿ ಹೋದರೆ ಮಕ್ಕಳೂ ಹೋಗುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ ಬೀಳುತ್ತದೆ.

ಸಂಜೆ ಈ ಊರುಗಳ ಬಯಲಿನಲ್ಲಿ ಕಬಡ್ಡಿ ಆಡುವ ಹುಡುಗರನ್ನು ನೋಡಬೇಕು. ಓಡುವವನ ಸೊಂಟಕ್ಕೆ ಬಿದ್ದು ಹಿಡಿದರೆ ಬಿಡುವುದಿಲ್ಲ. ಇದೇ ಹಿಡಿತವನ್ನು ಬೇಡುವ ಇನ್ನೊಂದು ಆಟ ರಗ್ಬಿ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡಬೇಕು. ಎದುರಾಳಿಗಳು ಹಿಡಿದು ಕೆಡವುತ್ತಾರೆ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಹಿಂದೆ ಬರುವವನಿಗೇ ಕೊಡಬೇಕು. ಕಬಡ್ಡಿಯಂತೆ ತಂಡಕ್ಕೆ ಏಳೇ ಜನರಿರುವ ರಗ್ಬಿಯೂ ಇದೆ. ನಮ್ಮ ಮಕ್ಕಳಲ್ಲಿ ಇದಕ್ಕೆ ಬೇಕಾದ ಬಲವಿದೆ. ಆದರೆ ಅವರು ಊರು ಬಿಡುವುದು ಇಟ್ಟಿಗೆ ಹೊರಲು, ಆಡಲು ಅಲ್ಲ.

ಆಡಲೆಂದು ಊರು ಬಿಟ್ಟು ದೂರ ಹೋದ ಇಬ್ಬರು ಯುವಕರನ್ನು ಇಲ್ಲಿ ನೆನೆಯಬೇಕು.

ಒಬ್ಬರು ನಮ್ಮ ನಾಡಿನವರೇ, ಬೆಂಗಳೂರಿನ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ 21 ವರ್ಷ. ರಾಯಚೂರು ಆಗಿನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಡಿದ ಭಾರತದ ತಂಡದಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಪಂದ್ಯ 2-1ರಿಂದ ಸೋತಿತು, ಆದರೆ ಬರಿಗಾಲಿನ ಆಟಕ್ಕೆ ಲಂಡನ್ ಬೆರಗಾಯಿತು. ಅದು ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ನಡೆದ ಪಂದ್ಯವೆಂಬುದನ್ನು ನಾವು ಗಮನಿಸಬೇಕು. ಪ್ರಯಾಣಿಕನಿಗೆ ಉಪವಾಸವನ್ನು ಮುಂದೆ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನು ಕೊಟ್ಟಿದ್ದಾನೆ. ಆದರೆ ತಾಯಿಯ ಕೈಯ ಇಫ್ತಾರ್ ಪರದೇಶದಲ್ಲಿ ಎಲ್ಲಿ ಸಿಗಬೇಕು? 1951ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ವಿರುದ್ಧ ಭಾರತ 10-1ರಿಂದ ಸೋತಾಗ ಆ ಒಂದು ಗೋಲು ಅವರದು. ಹತ್ತು ವರ್ಷ ಕಲ್ಕತ್ತಾದ ಈಸ್ಟ್ ಬೆಂಗಾಲ್‌ಗೆ ಆಡಿ ಬೆಂಗಳೂರಿಗೇ ಮರಳಿದರು. 2017ರಲ್ಲಿ ಅಲ್ಲೇ ಕೊನೆಯುಸಿರೆಳೆದರು.

ಇನ್ನೊಬ್ಬರು ನ್ಯೂಝಿಲೆಂಡಿನ ಸೋನಿ ಬಿಲ್ ವಿಲಿಯಮ್ಸ್. 2008ರಲ್ಲಿ ಸಿಡ್ನಿಯ ತಂಡದ ಕರಾರು ಮುರಿದು, ಯಾರಿಗೂ ಹೇಳದೆ, ರಗ್ಬಿ ಆಡಲು ಫ್ರಾನ್ಸಿನ ತುಲೋನ್ ಪಟ್ಟಣಕ್ಕೆ ಹೋದರು. ಹೆಸರಿತ್ತು, ಹಣವಿತ್ತು, ಕುಡಿತವೂ ಇತ್ತು, ನೆಮ್ಮದಿ ಇರಲಿಲ್ಲ. ಅಲ್ಲಿ ಟ್ಯುನೀಷಿಯಾದ ಒಂದು ಮುಸ್ಲಿಮ್ ಕುಟುಂಬದ ಪರಿಚಯವಾಯಿತು. ಒಂದೇ ಮಲಗುವ ಕೋಣೆಯ ಮನೆ, ಐದು ಮಕ್ಕಳು. ಆದರೂ ಅವರು ಸಂತೃಪ್ತರಾಗಿದ್ದರು. ಆ ಸಂತೃಪ್ತಿಯೇ ತನ್ನನ್ನು ಇಸ್ಲಾಮಿನ ಕಡೆ ಸೆಳೆಯಿತೆಂದು ಅವರು ಹೇಳಿದ್ದಾರೆ. ಇಸ್ಲಾಮ್ ಸ್ವೀಕರಿಸಿದ ಮೇಲೆ 2011 ಮತ್ತು 2015ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದರು. 2017ರಲ್ಲಿ ಅಂಗಿಯ ಕಾಲರಿನ ಮೇಲಿದ್ದ ಬ್ಯಾಂಕಿನ ಹೆಸರಿಗೆ ಟೇಪು ಅಂಟಿಸಿ ಮೈದಾನಕ್ಕಿಳಿದರು. ಬಡ್ಡಿಯ ವ್ಯವಹಾರಕ್ಕೆ ತನ್ನ ಮೈ ಜಾಹೀರಾತಾಗುವುದು ಅವರಿಗೆ ಬೇಡವಾಗಿತ್ತು. ಮಂಡಳಿಯೂ ಒಪ್ಪಿತು. 2019ರಲ್ಲಿ ಅವರ ತಾಯಿಯೂ ಇಸ್ಲಾಮ್ ಸ್ವೀಕರಿಸಿದರು.

ಸಹೋದರಿಯರೇ, ಆ ತುಲೋನಿನ ಮನೆಯ ಗೃಹಿಣಿಯನ್ನು ಸ್ವಲ್ಪ ಯೋಚಿಸಿ ನೋಡಿ. ಮನೆ ಇಕ್ಕಟ್ಟು ಎಂದು ಆಕೆ ಬಾಗಿಲು ಮುಚ್ಚಿಕೊಂಡಿದ್ದರೆ? ಪರದೇಶಿ ಹುಡುಗನೊಬ್ಬನ ಬದುಕು ತಿರುಗಿದ್ದು ದೊಡ್ಡ ಸಭಾಂಗಣದಲ್ಲಲ್ಲ, ಮಕ್ಕಳ ಗಲಾಟೆಯ ನಡುವೆ. ಉಪದೇಶಕ್ಕಿಂತ ಮೊದಲು ಅವನು ಕಂಡದ್ದು ನಗುವ ಮುಖಗಳನ್ನು.

ನಮ್ಮ ಹೆಣ್ಣುಮಕ್ಕಳ ಮಾತೂ ಇಲ್ಲಿ ಬರಬೇಕು. ಪ್ರವಾದಿವರ್ಯರು(ಸ) ಹ. ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ಮಾಡಿದ್ದನ್ನು ನಾವು ಹದೀಸ್‌ಗಳಲ್ಲಿ ಓದುತ್ತೇವೆ. ಒಮ್ಮೆ ಅವರು ಗೆದ್ದರು, ಇನ್ನೊಮ್ಮೆ ಪ್ರವಾದಿ(ಸ) ಗೆದ್ದರು. ಅಪಾಯವಾಗದಂತೆ ಧರಿಸಿದ ಶಿರವಸ್ತ್ರಕ್ಕೆ ರಗ್ಬಿಯ ನಿಯಮಗಳಲ್ಲೇ ಅವಕಾಶವಿದೆ. 2019ರ ಜೂನ್‌ನಲ್ಲಿ ಮನಿಲಾದಲ್ಲಿ ಭಾರತದ ಮಹಿಳಾ ತಂಡ ಸಿಂಗಾಪುರವನ್ನು 21-19ರಿಂದ ಸೋಲಿಸಿತು. ಹದಿನೈದು ಜನರ ರಗ್ಬಿಯಲ್ಲಿ ಅದು ಭಾರತದ ಮಹಿಳೆಯರ ಮೊದಲ ಅಂತಾರಾಷ್ಟ್ರೀಯ ಗೆಲುವು. ಗೆಲುವಿನ ಒದೆ ಹಾಕಿದ ಸುಮಿತ್ರಾ ನಾಯಕ್, ಭುವನೇಶ್ವರದಲ್ಲಿ ಆದಿವಾಸಿ ಮಕ್ಕಳಿಗಾಗಿ ಇರುವ ವಸತಿ ಶಾಲೆಯೊಂದರಲ್ಲಿ ಬೆಳೆದ ಹುಡುಗಿ. ಊಟ, ಪಾಠ, ಮೈದಾನ ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ ಅದು ಸಾಧ್ಯವಾಯಿತು.

ಮಾನ್ವಿ, ದೇವದುರ್ಗದ ಮಕ್ಕಳಿಗೂ ಬೇಕಾದದ್ದು ಆ ಮೂರೇ. ಮೈದಾನವನ್ನು ಸರಕಾರದಿಂದ ಕೇಳೋಣ, ಕೇಳಲೇಬೇಕು. ಆದರೆ ಊಟ ಮತ್ತು ಪಾಠದಲ್ಲಿ ನಮ್ಮ ಕೈಯಲ್ಲೂ ಸ್ವಲ್ಪವಿದೆ. ಗುಳೆ ಹೊರಟ ನೆರೆಮನೆಯ ತಾಯಿಗೆ, "ಅವ್ವಾ, ಪರೀಕ್ಷೆ ಮುಗಿಯೋತನಕ ನಿನ್ನ ಮಗಳು ನಮ್ಮನ್ಯಾಗ ಇರಲಿ" ಎಂದು ಹೇಳಲು ದೊಡ್ಡ ಮನೆ ಬೇಕಿಲ್ಲ. ಒಂದು ಚಾಪೆ, ಎರಡು ರೊಟ್ಟಿ ಹೆಚ್ಚು. ಆಕೆ ಯಾವ ಧರ್ಮದವಳೆಂದು ಕೇಳಬೇಕಾಗಿಲ್ಲ, ನೆರೆಯವರ ಹಕ್ಕು ಎಲ್ಲ ನೆರೆಯವರಿಗೂ ಇದೆ. ಆ ಮಗು ನಾಳೆ ಪರದೇಶದ ಮೈದಾನಕ್ಕೆ ಹೋಗುತ್ತದೋ ಇಲ್ಲವೋ ಅಲ್ಲಾಹನೇ ಬಲ್ಲ. ಹಾಜರಿ ಪುಸ್ತಕದಲ್ಲಿ ಅದರ ಹೆಸರು ಉಳಿಯುವುದು ಮಾತ್ರ ನಮ್ಮ ಬಾಗಿಲು ತೆರೆದಿದ್ದರೆ ಸಾಧ್ಯ.